ಕಣ್ಣೀರು ಬತ್ತಿದಾಗ, ಬಾಯಿ ಒಣಗಿದಾಗ

ಊಟಿಯ ವರ್ಕಿಯನ್ನು ಟೀಯಲ್ಲಿ ಅದ್ದದೆ, ನೀರೂ ಕುಡಿಯದೆ ಒಮ್ಮೆ ತಿಂದು ನೋಡಿ. ನಾಲ್ಕು ಸಲ ಅಗಿಯುವಷ್ಟರಲ್ಲಿ ಬಾಯಲ್ಲಿ ನೀರೂರಿ ಅದು ಮೆತ್ತಗಾಗಿ ಗಂಟಲಲ್ಲಿ ಇಳಿಯುತ್ತದೆ. ಇದರಲ್ಲೇನು ವಿಶೇಷ ಎನ್ನುತ್ತೀರಿ. ಆದರೆ ನಮ್ಮ ನಡುವೆಯೇ ಕೆಲವರಿಗೆ ವರ್ಕಿ ಇರಲಿ, ಒಂದು ತುತ್ತು ಚಪಾತಿಯೂ ನೀರಿಲ್ಲದೆ ಇಳಿಯುವುದಿಲ್ಲ. ಅಂಥವರ ಕಾಯಿಲೆಯ ಬಗ್ಗೆ ಈ ಸಲ ತಿಳಿದುಕೊಳ್ಳೋಣ.

ಗೂಡಲೂರು ಕಡೆ ಟೀ ಸೊಪ್ಪು ಕೀಳುವ, ನಲವತ್ತೈದು ದಾಟಿದ ಒಬ್ಬ ತಾಯಿ ಇದ್ದಾರೆಂದು ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದರೆ ಕಣ್ಣಿನೊಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಸೌದೆ ಒಲೆಯ ಹೊಗೆ, ಗುಡ್ಡದ ಗಾಳಿ ಎಂದು ಸುಮ್ಮನಿರುತ್ತಾರೆ. ರಾತ್ರಿ ನಾಲ್ಕು ಸಲ ಎದ್ದು ನೀರು ಕುಡಿಯುತ್ತಾರೆ. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ನೋಡಿಸಿದರೆ ಅದಿಲ್ಲ. ಹಲ್ಲುಗಳು ಒಸಡಿನ ಅಂಚಿನಲ್ಲೇ ಹುಳುಕಾಗಿ ಒಂದೊಂದಾಗಿ ಮುರಿಯುತ್ತವೆ. ಬೆರಳ ಗೆಣ್ಣು ನೋಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಸೋತು ಹೋಗುತ್ತದೆ. ಕಣ್ಣಿಗೆ ಒಬ್ಬ ಡಾಕ್ಟರು, ಹಲ್ಲಿಗೆ ಇನ್ನೊಬ್ಬರು, ಕೀಲಿಗೆ ಮೆಡಿಕಲ್ ಅಂಗಡಿಯ ಮಾತ್ರೆ. ಇವೆಲ್ಲ ಒಂದೇ ಬೇರಿನ ಕೊಂಬೆಗಳು ಎಂದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಎಲ್ಲವನ್ನೂ ಒಟ್ಟಿಗೆ ಅವರು ಯಾರ ಮುಂದೆಯೂ ಹೇಳಿಲ್ಲ. ಮನೆಯಲ್ಲಿ ಅಜ್ಜಿ 'ಉಷ್ಣ ಹೆಚ್ಚಾಗಿದೆ' ಎಂದು ನೆತ್ತಿಗೆ ಹರಳೆಣ್ಣೆ ಇಡುತ್ತಾರೆ. ಹೀಗೆಯೇ ವರ್ಷಗಳು ಕಳೆಯುತ್ತವೆ.

ಈ ಕಾಯಿಲೆಗೆ ಶೋಗ್ರೆನ್ ಕಾಯಿಲೆ ಎಂದು ಹೆಸರು. ಹೊರಗಿನಿಂದ ಬರುವ ರೋಗಾಣುಗಳನ್ನು ತಡೆಯಲು ನಮ್ಮ ಮೈಯಲ್ಲಿ ಬಿಳಿ ರಕ್ತಕಣಗಳ ಕಾವಲು ಇದೆಯಷ್ಟೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಆ ಕಾವಲಿನವರೇ ಕಣ್ಣೀರಿನ ಗ್ರಂಥಿಗಳನ್ನೂ ಜೊಲ್ಲಿನ ಗ್ರಂಥಿಗಳನ್ನೂ ಮುತ್ತಿ ಹಾಳುಮಾಡುತ್ತಾರೆ. ಒರತೆ ಬತ್ತಿದರೆ ಕಾಲುವೆ ಒಣಗಲೇಬೇಕು. ಕಣ್ಣು, ಬಾಯಿ, ಮೂಗು, ಚರ್ಮ, ಹೆಂಗಸರ ಒಳಾಂಗ, ಎಲ್ಲ ಕಡೆಯೂ ಒಣಗುತ್ತದೆ. ಕೊನೆಯದನ್ನು ನಮ್ಮ ಹೆಂಗಸರು ಡಾಕ್ಟರ ಬಳಿಯೂ ಹೇಳುವುದಿಲ್ಲ; ನಾಚಿಕೆಪಡದೆ ಹೇಳಬೇಕು. ರೋಗಿಗಳಲ್ಲಿ 10ಕ್ಕೆ 9 ಮಂದಿ ಹೆಂಗಸರೇ. ಕೆಲವರಿಗೆ ಇದೊಂದೇ ಬರುತ್ತದೆ, ಕೆಲವರಿಗೆ ಸಂಧಿವಾತ ಅಥವಾ ಲೂಪಸ್ ಜೊತೆಗೆ ಬರುತ್ತದೆ. ಇದು ಅಂಟುರೋಗವಲ್ಲ. ಒಂದೇ ಲೋಟದಲ್ಲಿ ಕುಡಿದರೆ, ಒಂದೇ ಟವೆಲ್ ಬಳಸಿದರೆ ಹರಡುವುದಿಲ್ಲ.

ಹೆಸರು ಬಂದದ್ದು ಸ್ವೀಡನ್ ದೇಶದ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಅವರಿಂದ. ಅವರು 1933ರಲ್ಲಿ ಬರೆದ ಪ್ರಬಂಧದಲ್ಲಿ ಕಣ್ಣು ಒಣಗಿದ 19 ಹೆಂಗಸರನ್ನು ವಿವರಿಸಿದ್ದರು. ಅವರಲ್ಲಿ 13 ಮಂದಿಗೆ ಕೀಲುಗಳ ಉರಿಯೂತವೂ ಇತ್ತು. ಕಣ್ಣಿಗೂ ಕೀಲಿಗೂ ನಂಟು ಕಂಡದ್ದೇ ಅವರ ಹೆಚ್ಚುಗಾರಿಕೆ. ಆದರೂ ಆ ಪ್ರಬಂಧಕ್ಕೆ ವಿಶ್ವವಿದ್ಯಾಲಯದ ಹುದ್ದೆಗೆ ಬೇಕಾದಷ್ಟು ಅಂಕ ಸಿಗಲಿಲ್ಲ. 2011ರಲ್ಲಿ ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ತಮಗೆ ಈ ಕಾಯಿಲೆ ಇದೆಯೆಂದು ಹೇಳಿ ಅಮೆರಿಕನ್ ಓಪನ್ ಪಂದ್ಯದಿಂದ ಹಿಂದೆ ಸರಿದಾಗ ಬಹಳ ಮಂದಿ ಮೊದಲ ಸಲ ಈ ಹೆಸರು ಕೇಳಿದರು.

ಪತ್ತೆ ಹಚ್ಚುವುದು ಕಷ್ಟವೇನಲ್ಲ, ಅನುಮಾನ ಬರಬೇಕು ಅಷ್ಟೆ. ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯ ಅಂಚಿಗೆ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 5 ಮಿಲಿಮೀಟರಿಗಿಂತ ಹೆಚ್ಚು ನೆನೆಯದಿದ್ದರೆ ಕಣ್ಣೀರು ಕಡಿಮೆ ಎಂದು ಅರ್ಥ. ರಕ್ತದಲ್ಲಿ 'ರೋ', 'ಲಾ' ಎಂಬ ಪ್ರತಿಕಾಯಗಳನ್ನು ನೋಡುತ್ತಾರೆ. ಬೇಕಾದರೆ ತುಟಿಯ ಒಳಬದಿಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು ಪರೀಕ್ಷಿಸುತ್ತಾರೆ. ಕಣ್ಣಿನ ಪರೀಕ್ಷೆಯನ್ನು ಮೊದಲು ಹತ್ತಿರದಲ್ಲೇ ಮಾಡಿಸಬಹುದು. ಆಮೇಲೆ ಕೀಲುವಾತದ ತಜ್ಞರನ್ನು ಕಾಣಲು ಕೊಯಮತ್ತೂರಿಗೋ ಮೈಸೂರಿಗೋ ಹೋಗಬೇಕು. ವೇಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗ ಇದೆ.

ಬುಡಸಮೇತ ವಾಸಿಮಾಡುವ ಮದ್ದು ಇನ್ನೂ ಇಲ್ಲ. ಅದಕ್ಕೇ ದಿನದಿನದ ಜೋಪಾನ ಮುಖ್ಯ. ನಮ್ಮ ಬೆಟ್ಟದಲ್ಲಿ ಊರಿಗೊಂದು ಹವೆ. ಮಸಿನಗುಡಿಯಲ್ಲಿ ಬೇಸಿಗೆಯ ಧೂಳು, ಊಟಿಯಲ್ಲಿ ಡಿಸೆಂಬರ್, ಜನವರಿಯ ಒಣ ಚಳಿ. ಎರಡೂ ಈ ರೋಗಿಗಳಿಗೆ ಆಗದು. ಚಳಿಗೆಂದು ಹೀಟರಿನ ಮುಂದೆ, ಕೆಂಡದ ಮುಂದೆ ಮುಖವೊಡ್ಡಿ ಕೂರಬಾರದು. ಹೊರಗೆ ಹೋಗುವಾಗ ಬದಿ ಮುಚ್ಚುವ ಕನ್ನಡಕ ಒಳ್ಳೆಯದು. ನೆಗಡಿಯಾದರೆ ನೀಲಗಿರಿ ತೈಲವನ್ನು ಮೂಗಿಗೆ, ಹಣೆಗೆ ಬಳಿಯುವುದು ನಮ್ಮಲ್ಲಿ ಮನೆಮನೆಯ ರೂಢಿ. ಅದರ ಘಾಟು ಒಣಗಿದ ಕಣ್ಣನ್ನು ಇನ್ನೂ ಕೆರಳಿಸುತ್ತದೆ. ನೆಗಡಿ, ಅಲರ್ಜಿಗೆ ನುಂಗುವ ಎಷ್ಟೋ ಮಾತ್ರೆಗಳು ಬಾಯಿಯನ್ನೂ ಒಣಗಿಸುತ್ತವೆ. ಕೃತಕ ಕಣ್ಣೀರಿನ ಹನಿಗಳನ್ನು ದಿನಕ್ಕೆ ಅನೇಕ ಸಲ ಹಾಕಬೇಕಾದವರು, ಕೆಡದಂತೆ ಬೆರೆಸುವ ರಾಸಾಯನಿಕ ಇಲ್ಲದ ಬಗೆಯನ್ನೇ ಕೇಳಿ ಪಡೆಯಬೇಕು. ಕೆಂಪು ಹೋಗಲೆಂದು ಅಂಗಡಿಯವರು ಕೊಡುವ ಸ್ಟೀರಾಯ್ಡ್ ಹನಿಯನ್ನು ಡಾಕ್ಟರಿಲ್ಲದೆ ಹಾಕುತ್ತಾ ಹೋದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು. ಜೇನು, ಸೊಪ್ಪಿನ ರಸ, ಎದೆಹಾಲು, ಇವು ಕಣ್ಣಿಗೆ ಬೇಡವೇ ಬೇಡ.

ಇನ್ನು ಬಾಯಿ. ಜೊಲ್ಲು ಎಂದರೆ ನಮಗೆ ಅಸಹ್ಯ, ಆದರೆ ಹಲ್ಲನ್ನು ಕಾಯುವುದು ಅದೇ. ಅದಿಲ್ಲದ ಬಾಯಿಗೆ ಗಂಟೆಗೊಂದು ಸಿಹಿ ಟೀ ಬಿದ್ದರೆ ಹಲ್ಲು ಉಳಿಯುವುದಿಲ್ಲ. ಟೀ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಿ ಯಾರ ಬಳಿ ಬೈಸಿಕೊಳ್ಳುತ್ತೇವೋ ಕಾಣೆವು! ಟೀ ಬಿಡಿ ಎನ್ನುವುದಿಲ್ಲ, ಸಕ್ಕರೆ ಬಿಡಿ, ಸಲ ಕಡಿಮೆ ಮಾಡಿ, ಮಧ್ಯೆ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಫ್ಲೋರೈಡ್ ಇರುವ ಪೇಸ್ಟಿನಲ್ಲಿ ದಿನಕ್ಕೆರಡು ಸಲ ಉಜ್ಜಿ. ಎಲೆ ಅಡಿಕೆ, ಹೊಗೆಸೊಪ್ಪು ಬಿಡಬೇಕು. ಊಟಕ್ಕೆ ನಮ್ಮ ರಾಗಿಮುದ್ದೆ, ತೆಳು ಸಾರು, ಮಜ್ಜಿಗೆ ಅನ್ನ ಬಹಳ ಅನುಕೂಲ. ಖಾರ ಕಡಿಮೆ ಇರಲಿ. ನಾಲಿಗೆ ಕೆಂಪಾಗಿ ಉರಿದರೆ, ತುಟಿಯ ಮೂಲೆ ಸೀಳಿದರೆ ಬೂಷ್ಟಿನ ಸೋಂಕು ಇರಬಹುದು, ಅದಕ್ಕೆ ಔಷಧ ಇದೆ.

ಗ್ರಂಥಿಯಲ್ಲಿ ಜೀವ ಉಳಿದಿದ್ದರೆ ಪೈಲೋಕಾರ್ಪಿನ್ ಮಾತ್ರೆ ಜೊಲ್ಲು ತರಿಸುತ್ತದೆ. ಬ್ರೆಜಿಲ್‌ನ ಜಬೊರಾಂಡಿ ಎಂಬ ಗಿಡದ ಎಲೆಯಿಂದ ಬಂದ ಮದ್ದು ಅದು. ಬೆವರು ಹೆಚ್ಚಿಸುತ್ತದೆ, ಉಬ್ಬಸ ಇರುವವರು ಮೊದಲೇ ಹೇಳಬೇಕು. ಕೀಲುನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುತ್ತಾರೆ. ಮೂಲದಲ್ಲಿ ಮಲೇರಿಯಾ ಮದ್ದು. ಇದನ್ನು ವರ್ಷಗಟ್ಟಲೆ ನುಂಗುವವರು ಡಾಕ್ಟರು ಹೇಳಿದ ಹೊತ್ತಿಗೆ ಕಣ್ಣಿನ ಪರದೆ ಪರೀಕ್ಷಿಸಿಕೊಳ್ಳಬೇಕು.

ಮೈಯ ಕಾವಲೇ ಮೈಗೆ ತಿರುಗಿ ಬಿದ್ದರೂ ದುಡಿದವರಿದ್ದಾರೆ. ಮದುರೆಯಲ್ಲಿ 1976ರಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ ಕಟ್ಟಿದ ಡಾ. ಜಿ. ವೆಂಕಟಸ್ವಾಮಿಯವರಿಗೆ ಯೌವನದಲ್ಲೇ ಸಂಧಿವಾತ ಬಂದು ಬೆರಳುಗಳು ಸೊಟ್ಟಗಾಗಿದ್ದವು. ಅದೇ ಬೆರಳುಗಳಿಗೆ ಚಾಕು ಹಿಡಿಯುವುದನ್ನು ಕಲಿಸಿ ಅವರು ಸಾವಿರಾರು ಜನರ ಕಣ್ಣಿನ ಪೊರೆ ತೆಗೆದರು.

ಮೂರು ಸಂಗತಿಗಳಿಗೆ ಮಾತ್ರ ತಡ ಮಾಡಬಾರದು. ಕೆನ್ನೆಯ ಹಿಂದೆ, ಕಿವಿಯ ಕೆಳಗೆ ಬಂದ ಗಂಟು ಇಳಿಯದೆ ಉಳಿದರೆ ತೋರಿಸಿ. 100 ರೋಗಿಗಳಲ್ಲಿ ಸುಮಾರು 5 ಮಂದಿಗೆ ಮುಂದೆ ದುಗ್ಧಗ್ರಂಥಿಯ ಕ್ಯಾನ್ಸರ್ ಬರುವ ಸಂಭವ ಇದೆ. ಇದ್ದಕ್ಕಿದ್ದಂತೆ ಕೈಕಾಲು ಬಲ ಕಳೆದುಕೊಂಡು ಮೇಲೇಳಲಾಗದಿದ್ದರೆ ಅದು ಪಾರ್ಶ್ವವಾಯು ಎಂದೇ ತಿಳಿಯಬೇಡಿ. ಮೂತ್ರಪಿಂಡ ಕೆಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿರಬಹುದು. ಕೂಡಲೇ ಆಸ್ಪತ್ರೆಗೆ ಸೇರಿಸಿ ಅದನ್ನು ತುಂಬಿದರೆ ಬಲ ಮರಳುತ್ತದೆ. ಮೂರನೆಯದು ಬಸುರಿಯರಿಗೆ. ರಕ್ತದಲ್ಲಿ 'ರೋ' ಪ್ರತಿಕಾಯ ಇರುವ ತಾಯಿಯ ಮಗುವಿಗೆ, 100ರಲ್ಲಿ ಒಂದೆರಡು ಸಲ, ಹೊಟ್ಟೆಯಲ್ಲೇ ಹೃದಯದ ಬಡಿತ ನಿಧಾನವಾಗುತ್ತದೆ. ನಾಲ್ಕನೆಯ ತಿಂಗಳಿನಿಂದಲೇ ಸ್ಕ್ಯಾನ್ ಮಾಡಿ ಬಡಿತ ನೋಡುತ್ತಿರಬೇಕು. ಕಾಯಿಲೆ ಇರುವ ಹೆಣ್ಣುಮಕ್ಕಳು ಬಸುರಿಯೆಂದು ತಿಳಿದ ದಿನವೇ ಹೆರಿಗೆ ಡಾಕ್ಟರಿಗೆ ಹಳೆಯ ರಕ್ತಪರೀಕ್ಷೆಯ ಚೀಟಿಯನ್ನು ತೋರಿಸಲಿ.