ಅಡಿಕೆಕಾಯಿಯ ತಿರುಳು ಮತ್ತು ನಾರಿನ ಮೇಲೆ ನೀರಿನ ಪ್ರಭಾವ

(ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ತೋಟಗಾರರಿಗೂ ಗ್ರಾಮಪ್ರಮುಖರಿಗೂ)

ಬೀಜವು ತುಂಬುವುದಕ್ಕೂ ನಾರು ಬೆಳೆಯುವುದಕ್ಕೂ ನೀರೇ ಆಧಾರವು. ಹತ್ತಿಯ ಎಳೆಯು ಒಳಗಿನ ನೀರಿನ ಒತ್ತಡದಿಂದಲೇ ನೀಳವಾಗುವುದು. ಆ ಕಾಲದಲ್ಲಿ ನೀರು ಸಾಲದಿದ್ದರೆ ಎಳೆಯು ಗಿಡ್ಡವಾಗುವುದು, ಕಾಯಿ ಒಡೆದ ಮೇಲೆ ಮಳೆ ಹಿಡಿದರೆ ಅರಳೆಯು ಕೆಡುವುದು. ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯು ಹತ್ತಿಗೆ ತಕ್ಕುದಲ್ಲ. ಆದರೆ ಇಲ್ಲಿಯ ಮುಖ್ಯ ಬೆಳೆಯಾದ ಅಡಿಕೆಗೂ ಅದೇ ನಿಯಮವು ಸಲ್ಲುತ್ತದೆ.

1. ಬೇಸಗೆಯ ನೀರು.— ಮಳೆಯು ವಿಶೇಷವಾಗಿ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಹಿಂಗಾರವು ಬಿರಿದು ನಳ್ಳಿ ಕಟ್ಟುವುದಾದರೋ ಒಣಹವೆಯ ತಿಂಗಳುಗಳಲ್ಲಿ. ಆಗ ನೀರು ತಪ್ಪಿದರೆ ನಳ್ಳಿಗಳು ಉದುರುತ್ತವೆ, ಉಳಿದವು ಸಣ್ಣವಾಗುತ್ತವೆ. ಬಲವಾಗಿ ಬಾಡಿದ ಮರವು ಮೊದಲಿನ ಫಸಲಿಗೆ ಮರಳಲು ಎರಡು ಮೂರು ವರ್ಷಗಳು ಹಿಡಿಯುವುದುಂಟು. 1956ರಲ್ಲಿ ವಿಟ್ಲದಲ್ಲಿ ಸ್ಥಾಪಿತವಾಗಿ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದ ಅಡಿಕೆ ಸಂಶೋಧನಾ ಕೇಂದ್ರವು ಈ ಬೆಳೆಯ ವಿಷಯದಲ್ಲಿ ಪ್ರಯೋಗಗಳನ್ನು ನಡೆಸುತ್ತ ಬಂದಿದೆ. ಶಿಫಾರಸಿನ ಪ್ರಕಾರ ಮರವೊಂದಕ್ಕೆ ಸಲಕ್ಕೆ 175 ಲೀಟರಿನಂತೆ ನವೆಂಬರ್–ಡಿಸೆಂಬರಿನಲ್ಲಿ 7–8 ದಿನಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ 3–5 ದಿನಕ್ಕೊಮ್ಮೆ ನೀರು ಕೊಡತಕ್ಕದ್ದು. ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಂದರೆ ಐದು ದಿನಕ್ಕೆ ಹೆಚ್ಚೆಂದರೆ 100 ಲೀಟರ್. ಬುಡಕ್ಕೆ ಸೋಗೆ, ಸೊಪ್ಪು ಮುಚ್ಚಿದರೆ ತೇವವು ಉಳಿಯುವುದು.

2. ಕಾಯಿ ಒಡೆಯುವುದು.— ಬಹುಕಾಲ ಬಾಯಾರಿದ ಮರವು ಒಮ್ಮೆಗೇ ಬಹಳ ನೀರನ್ನು ಹೀರಿದರೆ ಒಳಗಿನ ಬೆಳವಣಿಗೆಗೆ ಸಿಪ್ಪೆಯು ಹಿಗ್ಗಲಾರದೆ ಸೀಳುವುದು. ಅರ್ಧದಿಂದ ಮುಕ್ಕಾಲು ಬಲಿತ ಕಾಯಿಗಳು ಅಕಾಲದಲ್ಲಿ ಹಳದಿಯಾಗಿ, ತುದಿಯಲ್ಲಾಗಲಿ ಪಕ್ಕದಲ್ಲಾಗಲಿ ಬಿರಿದು, ತಿರುಳು ಕಾಣಿಸಿಕೊಂಡು ಕೆಡುತ್ತದೆ. ನೀರು ನಿಲ್ಲುವ ತೋಟಗಳಲ್ಲಿ ಇದು ಹೆಚ್ಚು. ಇದನ್ನು ತಡೆಯಲು ಬೇಸಗೆಯಲ್ಲಿ ನೀರನ್ನು ತಪ್ಪಿಸದೆ ಕೊಡತಕ್ಕದ್ದು. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಗಳ ಹೂಳು ತೆಗೆಯತಕ್ಕದ್ದು. ರೋಗದ ಆರಂಭದಲ್ಲಿ ಲೀಟರು ನೀರಿಗೆ 2 ಗ್ರಾಂ ಬೋರಾಕ್ಸ್ ಕರಗಿಸಿ ಗೊನೆಗಳಿಗೆ ಸಿಂಪಡಿಸಬಹುದು.

3. ಒಣಗಿಸುವುದು.— ಕೊಯ್ದ ಮೇಲೆ ನೀರೇ ಶತ್ರುವಾಗುತ್ತದೆ. ಚಾಲಿಗಾಗಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೇ ಪದರವಾಗಿ ಹರಡಿ, ವಾರಕ್ಕೊಮ್ಮೆ ಮಗುಚಿ, 35ರಿಂದ 40 ಬಿಸಿಲು ಕಾಣಿಸಬೇಕು. ನಾರಿನಲ್ಲಿ ತೇವವು ಉಳಿದರೆ ತಿರುಳಿಗೆ ಬೂಸಲು ತಗಲುವುದು. ಅಂಥ ಮಾಲು ಪೇಟೆಯಲ್ಲಿ ಕೆಳದರ್ಜೆಗೆ ಬೀಳುವುದು. ಅಲುಗಾಡಿಸಿದಾಗ ಒಳಗೆ ಸದ್ದಾಗುವುದು ಚೆನ್ನಾಗಿ ಒಣಗಿದ ಗುರುತು.

4. ಊರೊಟ್ಟಿನ ಕೆಲಸ.— ಕುಮಾರಧಾರಾ, ಪಯಸ್ವಿನಿಗಳಿಗೆ ಸೇರುವ ತೊರೆಗಳ ನೀರು ಬೇಸಗೆಗೆ ಮುಂಚೆಯೇ ಹರಿದುಹೋಗುತ್ತದೆ. ಮಳೆ ನಿಂತು ಹರಿವು ತಗ್ಗಿದ ಕೂಡಲೆ ಹಿರಿಯರ ಕ್ರಮದಂತೆ ಕಟ್ಟಗಳನ್ನು ಕಟ್ಟಿದರೆ ಸುತ್ತಲ ಬಾವಿ, ಕೆರೆಗಳಲ್ಲಿಯೂ ನೀರು ನಿಲ್ಲುವುದು. ಇದು ಒಬ್ಬನಿಂದ ಆಗತಕ್ಕದ್ದಲ್ಲ. ಮೇಲಿನವನು ಎಲ್ಲ ನೀರನ್ನೂ ಎತ್ತಿಕೊಂಡರೆ ಕೆಳಗಿನವನ ತೋಟವು ಒಣಗುವುದು. ಆದುದರಿಂದ ಗ್ರಾಮಪ್ರಮುಖರು ತೋಟಗಾರರನ್ನು ಕೂಡಿಸಿ, ಕಟ್ಟದ ಕೆಲಸವನ್ನೂ ನೀರಿನ ಸರದಿಯನ್ನೂ ಬೇಸಗೆ ಬರುವ ಮೊದಲೇ ಗೊತ್ತುಮಾಡುವುದು ಉಚಿತವು.