ಮನುಷ್ಯನನ್ನು ಅರಿತ ಯಂತ್ರ

ನೇಗಿಲಿನ ಮೇಳಿಯು ಉಳುವವನ ಕೈಗೆ ಒಗ್ಗುವಂತಿರಬೇಕು. ಅದು ಎತ್ತರವಾದರೆ ತೋಳು ಸೋಲುತ್ತದೆ. ತಗ್ಗಾದರೆ ಬೆನ್ನು ಬಾಗುತ್ತದೆ. ಬಲ್ಲ ಬಡಗಿಯು ಮರವನ್ನು ನೋಡುವ ಮುನ್ನ ಆಳನ್ನು ನೋಡುತ್ತಾನೆ. ಗಣಕಯಂತ್ರಕ್ಕೂ ಇದೇ ನಿಯಮ ಸಲ್ಲುತ್ತದೆ. ಅದರ ಮೇಳಿಯೆಂದರೆ ಕೀಲಿಮಣೆ ಮತ್ತು ಪರದೆ.

ಗಣಕದ ಕೀಲಿಮಣೆಯು ಇಂಗ್ಲಿಷಿನ 26 ಅಕ್ಷರಗಳಿಗಾಗಿ ರೂಪುಗೊಂಡುದು. ಕನ್ನಡದಲ್ಲಾದರೋ 49 ವರ್ಣಗಳು. ಅವುಗಳಿಂದ ಹುಟ್ಟುವ ಕಾಗುಣಿತಗಳೂ ಒತ್ತಕ್ಷರಗಳೂ ಲೆಕ್ಕಕ್ಕೆ ಮೀರಿದವು. ಹಿಂದಿನ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಒಂದೊಂದಾಗಿ ಜೋಡಿಸಬೇಕಾಗಿತ್ತು. ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ‘ಕ’ಕಾರದ ಕೀಲಿಯನ್ನೇ ಶಿಫ್ಟ್ ಕೀಲಿಯೊಡನೆ ಒತ್ತಿದರೆ ‘ಖ’ ಮೂಡುತ್ತದೆ. ವ್ಯಂಜನದ ಬಳಿಕ ಸ್ವರವನ್ನು ಒತ್ತಿದರೆ ಕಾಗುಣಿತವಾಗುತ್ತದೆ. ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿಯನ್ನು ಒತ್ತಿದರೆ ಒತ್ತಕ್ಷರವಾಗುತ್ತದೆ.

‘ಚಿತ್ರದುರ್ಗ’ ಎಂಬ ಹೆಸರನ್ನೇ ನೋಡಿರಿ. ಕೈಬರಹದಲ್ಲಿ ಅರ್ಕಾವೊತ್ತನ್ನು ‘ಗ’ಕಾರದ ಮುಂದೆ ಬರೆಯುವ ರೂಢಿಯುಂಟು. ಆದರೆ ನಾಲಗೆಯು ರೇಫವನ್ನು ಮೊದಲು ನುಡಿಯುತ್ತದೆ. ರಾವ್ ಅವರ ವಿನ್ಯಾಸದಲ್ಲಿ ನಾಲಗೆಯ ಕ್ರಮದಲ್ಲೇ ಒತ್ತಿದರೆ ಸಾಕು. ಚಿಹ್ನೆಯನ್ನು ತಕ್ಕ ಸ್ಥಳದಲ್ಲಿ ಕೂರಿಸುವ ಹೊಣೆ ಯಂತ್ರದ್ದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಈ ವಿನ್ಯಾಸವನ್ನು ಬಳಸಿಕೊಂಡಿತು. ರಾಜ್ಯ ಸರ್ಕಾರವೂ ಇದನ್ನು ಅಂಗೀಕರಿಸಿತು.

ಇನ್ನು ಪರದೆಯ ಮಾತು. ಹಿರಿಯೂರಿನ ಶೇಂಗಾ ಬೆಳೆಗಾರನಿಗೂ, ಹೊಸದುರ್ಗದ ತೆಂಗಿನ ತೋಟದವನಿಗೂ, ಹೊಳಲ್ಕೆರೆಯ ಅಡಕೆ ಬೆಳೆಗಾರನಿಗೂ ಪಹಣಿಯು ಜೀವಾಳ. ಭೂಮಿ ಯಾರದು, ಎಷ್ಟು, ಅದರ ಮೇಲೆ ಸಾಲವೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಹಿಂದೆ ಗ್ರಾಮಲೆಕ್ಕಿಗನ ಕೈಬರಹದ ಪುಸ್ತಕದಲ್ಲಿ ಹೆಸರೊಂದು ಬದಲಾದರೆ ರೈತನಿಗೆ ತಿಳಿಯುವುದೇ ಕಷ್ಟವಾಗಿತ್ತು. 2002ರ ವೇಳೆಗೆ ‘ಭೂಮಿ’ ಯೋಜನೆಯು ರಾಜ್ಯದ ಎಲ್ಲ ತಾಲ್ಲೂಕುಗಳನ್ನು ಮುಟ್ಟಿತು. ಆಗ 15 ರೂಪಾಯಿ ತೆತ್ತರೆ ಪಹಣಿಯ ಪ್ರತಿ ದೊರೆಯುತ್ತಿತ್ತು. ಅಲ್ಲಿ ನೌಕರನ ಪರದೆಯಲ್ಲದೆ, ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇಡುವ ಏರ್ಪಾಡಿತ್ತು. ತನ್ನ ಹೆಸರು ತಪ್ಪಾಗಿದ್ದರೆ ಆತನು ಅಲ್ಲಿಯೇ ಹೇಳಬಹುದು. ನೌಕರರಿಗೆ ಗುಪ್ತಪದಕ್ಕೆ ಬದಲಾಗಿ ಬೆರಳಗುರುತನ್ನು ವಿಧಿಸಲಾಯಿತು. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಬಹುದು. ಬೆರಳನ್ನು ಎರವಲು ಕೊಡಲಾಗದು. ಮನುಷ್ಯನ ದುರಾಸೆ, ಮರೆವುಗಳನ್ನೂ ಅರಿತು ಮಾಡಿದ ವಿನ್ಯಾಸವಿದು.

ಆದರೂ ಓದು ಬಾರದ ಮುದುಕಿಗೆ ಎದುರಿನ ಪರದೆಯೂ ಕತ್ತಲೆಯೇ. ಆಕೆಗೆ ಓದಿ ಹೇಳುವ ದನಿ ಬೇಕು. ಆಕೆಯ ಪ್ರಶ್ನೆಗೆ ಉತ್ತರಿಸುವ ತಾಳ್ಮೆ ಬೇಕು. ಯಂತ್ರವನ್ನು ರೂಪಿಸುವವನು ಮೊದಲು ಆಕೆಯೊಡನೆ ಸರದಿಯಲ್ಲಿ ನಿಂತು, ಆಕೆ ಎಲ್ಲಿ ತಡವರಿಸುತ್ತಾಳೆಂಬುದನ್ನು ಕಾಣಬೇಕು. ಯಂತ್ರದ ಮುಂದೆ ಎಡವಿದವರನ್ನು ದಡ್ಡರೆಂದು ನಗುವುದು ಸುಲಭ. ಎಡವಿಸಿದ ಕಲ್ಲನ್ನು ಹುಡುಕಿ ತೆಗೆಯುವುದು ಜಾಣತನ. ಬೆನ್ನು ನೋಯಿಸುವ ಮೇಳಿಯನ್ನು ಕೆತ್ತಿ ಸರಿಪಡಿಸುತ್ತಾರೆಯೇ ಹೊರತು, ಉಳುವವನ ಬೆನ್ನನ್ನಲ್ಲ.

ಅಭ್ಯಾಸ

1. ‘ಹಿರಿಯೂರು’, ‘ಹೊಳಲ್ಕೆರೆ’ – ಈ ಹೆಸರುಗಳಲ್ಲಿ ಕೊಂಡಿಯ ಕೀಲಿಯು ಯಾವುದಕ್ಕೆ ಬೇಕು? ಏಕೆ?
2. ಎರಡನೆಯ ಪರದೆಯಿಂದ ರೈತನಿಗೆ ಆಗುವ ಪ್ರಯೋಜನವನ್ನು ವಿವರಿಸಿರಿ.
3. ಮೇಳಿಯ ಹೋಲಿಕೆಯು ಪಾಠಕ್ಕೆ ಹೇಗೆ ಹೊಂದುತ್ತದೆ?