ಓದುವ ಮಗುವಿಗೆ ಮನೆಯವರ ನೆರವು

ವಿದ್ಯಾರ್ಥಿವೇತನದಿಂದ ಶುಲ್ಕ ಕಟ್ಟಬಹುದು, ಪುಸ್ತಕ ಕೊಳ್ಳಬಹುದು. ಓದಲು ಬೇಕಾದ ನೆಮ್ಮದಿಯನ್ನು ಮನೆಯವರೇ ಕೊಡಬೇಕು. ಅರ್ಜಿದಾರರ ಮನೆಗಳಲ್ಲಿ ನಾವು ಕಂಡದ್ದು ಒಂದೇ ಕೋಣೆ. ಅಡುಗೆ, ಟಿವಿ, ಚಿಕ್ಕ ಮಕ್ಕಳ ಆಟ ಎಲ್ಲವೂ ಅಲ್ಲೇ.

ಬೇರೆ ಕೋಣೆ ಇಲ್ಲದಿದ್ದರೂ ಓದಿಗೆಂದೇ ಒಂದು ಹೊತ್ತು ಮೀಸಲಿಡಬಹುದು. ಮಗ್ರಿಬ್‌ನಿಂದ ಇಶಾವರೆಗೆ ಟಿವಿ ಆರಿಸಿ, ಮಗುವಿನ ಮೊಬೈಲ್ ನಿಮ್ಮ ಬಳಿ ಇಟ್ಟುಕೊಳ್ಳಿ. ಓದಿದ್ದನ್ನು ಪುಸ್ತಕ ಮುಚ್ಚಿ ಹೇಳಿಸಿ; ಅಕ್ಷರ ಬಾರದ ತಾಯಿಯೂ ಕುಳಿತು ಕೇಳಬಹುದು.

ಓದಿದ್ದು ನೆನಪಿನಲ್ಲಿ ಉಳಿಯಲು ನಿದ್ದೆ ಬೇಕು. ಹದಿಹರೆಯದವರಿಗೆ ದಿನಕ್ಕೆ 8 ಗಂಟೆಯಾದರೂ ನಿದ್ದೆ ಅಗತ್ಯ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ರಂಜಾನ್ ಉಪವಾಸದ ದಿನಗಳಲ್ಲೇ ನಡೆಯಿತು. ಅಂಥ ದಿನಗಳಲ್ಲಿ ಸಹರಿಗೆ ಏಳುವ ಮಗು ರಾತ್ರಿ ಬೇಗ ಮಲಗಲಿ, ಮಧ್ಯಾಹ್ನವೂ ಸ್ವಲ್ಪ ವಿಶ್ರಮಿಸಲಿ.

ಅಂಕ ಕಡಿಮೆ ಬಂದರೆ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ. ಹೆದರಿದ ಮನಸ್ಸಿಗೆ ಪಾಠ ಹತ್ತುವುದಿಲ್ಲ.